ಅಂಡಮಾನ್ ಚಳಿಗಾಲ: ಗಾಳಿ ನೋಡಿ ಹೊರಡುವುದನ್ನು ಕಲಿತ ನನ್ನ ಅನುಭವ

ಬೆಂಗಳೂರಿನಲ್ಲಿ ಚಳಿಗಾಲ ಅಂದರೆ ಸ್ವೆಟರ್, ಅವರೇಕಾಯಿ, ಬೆಳಗಿನ ಮಂಜು. ಅದೇ ಲೆಕ್ಕದಲ್ಲಿ ನಾನು ಅಂಡಮಾನ್‌ಗೂ ಟಿಕೆಟ್ ಮಾಡಿದೆ. ಫೋನಿನಲ್ಲಿ 29 ಡಿಗ್ರಿ ಅಂತ ತೋರಿಸಿತು. ಅಷ್ಟು ಸಾಕು ಅಂದುಕೊಂಡೆ. ಅಮ್ಮನಿಗೆ ಸಮುದ್ರ ತೋರಿಸಬೇಕು ಅನ್ನುವುದು ತುಂಬಾ ದಿನದ ಆಸೆ. ಕಡಲೆಕಾಯಿ ಪರಿಷೆ ಮುಗಿಸಿಕೊಂಡು, ನವೆಂಬರ್ ಕೊನೆಯಲ್ಲಿ ಹೊರಟೆವು.

ಹ್ಯಾವ್ಲಾಕ್‌ನಲ್ಲಿ (ಈಗ ಸ್ವರಾಜ್ ದ್ವೀಪ) ಎರಡನೇ ದಿನವೇ ಆಕಾಶ ಬೂದಿ ಬಣ್ಣಕ್ಕೆ ತಿರುಗಿತು. ಮೂರನೇ ದಿನ ಫೆರಿ ರದ್ದು. ನಾಲ್ಕನೇ ದಿನವೂ ರದ್ದು. ಪೋರ್ಟ್ ಬ್ಲೇರ್‌ನಿಂದ (ಈಗ ಶ್ರೀ ವಿಜಯ ಪುರಂ) ನಮ್ಮ ವಿಮಾನ ನಮ್ಮನ್ನು ಬಿಟ್ಟು ಹೋಯಿತು. ಕೊನೆಗೆ ಹೇಗೋ ಮನೆ ಸೇರಿದ ಎರಡು ದಿನಕ್ಕೆ ಬೆಂಗಳೂರಿನಲ್ಲಿ ಜಿಟಿಜಿಟಿ ಮಳೆ ಶುರುವಾಯಿತು. ಅಮ್ಮ ಕಿಟಕಿ ಹತ್ತಿರ ನಿಂತು, "ಈ ಮಳೆ ನಮ್ಮ ಹಿಂದೆನೇ ಬಂದುಬಿಡ್ತಲ್ಲೋ" ಅಂದರು.

ಅಮ್ಮ ಹೇಳಿದ್ದು ನಿಜ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಅಂಡಮಾನ್ ಸಮುದ್ರದಲ್ಲಿ ವಾಯುಭಾರ ಕುಸಿತಗಳು ಹುಟ್ಟುತ್ತಿರುತ್ತವೆ. ಅವುಗಳಲ್ಲಿ ಎಷ್ಟೋ ಪಶ್ಚಿಮಕ್ಕೆ ಸರಿದು, ಕೆಲವು ದಿನಗಳಲ್ಲಿ ತಮಿಳುನಾಡು, ಆಂಧ್ರದ ಕರಾವಳಿಗೆ ಬರುತ್ತವೆ. ಆಗ ನಮ್ಮೂರಿನಲ್ಲಿ ಮೋಡ, ಚಳಿ, ಜಿಟಿಜಿಟಿ. ಅಂದರೆ ನಾವು ಕೊಡೆ ಬಿಚ್ಚುವ ಎಷ್ಟೋ ಮಳೆ ದ್ವೀಪದ ಹತ್ತಿರ ಹುಟ್ಟಿ ಬಂದಿರುತ್ತದೆ. 2016ರ ಡಿಸೆಂಬರ್‌ನಲ್ಲಿ ಹ್ಯಾವ್ಲಾಕ್, ನೀಲ್ ದ್ವೀಪಗಳಲ್ಲಿ ಸಾವಿರಕ್ಕೂ ಜಾಸ್ತಿ ಪ್ರವಾಸಿಗರು ಸಿಕ್ಕಿಕೊಂಡು, ನೌಕಾಪಡೆ ಹೋಗಿ ಕರೆತರಬೇಕಾಯಿತು. ಅದೇ ವಾಯುಭಾರ ಕುಸಿತ ಮುಂದೆ ವಾರ್ದಾ ಚಂಡಮಾರುತವಾಗಿ ಡಿಸೆಂಬರ್ 12ರಂದು ಚೆನ್ನೈ ಹತ್ತಿರ ದಡ ಮುಟ್ಟಿತು. ಜನವರಿ ಬಂದರೆ ಪೂರ್ತಿ ನಿಶ್ಚಿಂತೆ ಅಂತಲೂ ಇಲ್ಲ. 2019ರ ಜನವರಿಯಲ್ಲಿ ಪಾಬುಕ್ ಚಂಡಮಾರುತ ಥಾಯ್ಲೆಂಡ್ ದಾಟಿ ಅಂಡಮಾನ್ ಕಡೆಗೇ ಬಂದಿತ್ತು.

ಎರಡನೇ ಸಲ ಜನವರಿಯಲ್ಲಿ ಹೋದೆವು. ಮಳೆ ಇರಲಿಲ್ಲ, ನೀಲಿ ಆಕಾಶ. ಈ ಸಲ ಗೆದ್ದೆ ಅಂದುಕೊಂಡೆ. ಆದರೆ ರೂಮು ಇದ್ದದ್ದು ಹ್ಯಾವ್ಲಾಕ್‌ನ ಪೂರ್ವ ದಡದಲ್ಲಿ, ವಿಜಯನಗರ ಬೀಚಿನ ಕಡೆ. ಬೆಂಗಳೂರಿನಲ್ಲೂ ವಿಜಯನಗರ ಇರುವುದರಿಂದ ಅಮ್ಮನಿಗೆ ಆ ಹೆಸರು ಕೇಳಿಯೇ ಖುಷಿ. ಬೆಳಗ್ಗೆಯಿಂದ ಸಂಜೆವರೆಗೆ ಗಾಳಿ ಬೀಸಿದ್ದೇ ಬೀಸಿದ್ದು. ಅಲೆ ದೊಡ್ಡದಲ್ಲ, ಆದರೆ ಒಂದರ ಬೆನ್ನಿಗೆ ಒಂದು. ನೀರು ಕಲಕಿ ಮಬ್ಬಾಗಿತ್ತು. ಅಮ್ಮ ಸೀರೆ ಮೊಣಕಾಲಿನವರೆಗೆ ಎತ್ತಿ ಹಿಡಿದು ಎರಡು ಹೆಜ್ಜೆ ಇಟ್ಟರು. ಅಲೆ ಸೊಂಟಕ್ಕೆ ಬಡಿಯಿತು. ಹಿಂದಕ್ಕೆ ಬಂದು ಕೂತವರು ಮತ್ತೆ ಏಳಲಿಲ್ಲ.

ಅಲ್ಲಿನ ಆಟೋ ಡ್ರೈವರ್ ಒಬ್ಬರು, "ಇವತ್ತು ಈ ಕಡೆ ಬೇಡ, ರಾಧಾನಗರಕ್ಕೆ ಹೋಗಿ" ಅಂದರು. ದ್ವೀಪದ ಇನ್ನೊಂದು ಬದಿಗೆ ಹತ್ತು ಚಿಲ್ಲರೆ ಕಿಲೋಮೀಟರ್. ಕಾಡು ದಾಟಿ ಇಳಿದರೆ ನಂಬಲಿಕ್ಕೇ ಆಗಲಿಲ್ಲ. ಅದೇ ದಿನ, ಅದೇ ದ್ವೀಪ. ಇಲ್ಲಿ ಎಲೆ ಅಲ್ಲಾಡುತ್ತಿರಲಿಲ್ಲ. ಅಲೆ ಬಂದು ಮರಳನ್ನು ಸವರಿ ಹೋಗುತ್ತಿತ್ತು. ಅಮ್ಮ ಸೊಂಟದವರೆಗೆ ನೀರಿನಲ್ಲಿ ನಿಂತು, ಕೆಳಗೆ ಬಗ್ಗಿ ತಮ್ಮ ಕಾಲುಬೆರಳು ನೋಡಿಕೊಂಡರು. ಬೆಳ್ಳಿ ಕಾಲುಂಗುರ ಮೇಲಿನಿಂದಲೇ ಕಾಣುತ್ತಿತ್ತು.

ಕಾರಣ ತುಂಬಾ ಸರಳ. ಚಳಿಗಾಲದಲ್ಲಿ ಅಲ್ಲಿ ಗಾಳಿ ಬೀಸುವುದು ಈಶಾನ್ಯದಿಂದ. ನಮ್ಮ ಊರಿನಲ್ಲಿ ವಾಸ್ತು ನೋಡಿ ನೀರಿನ ಸಂಪು ಇಡುತ್ತೇವಲ್ಲ, ಆ ಮೂಲೆಯಿಂದ. ಆ ಗಾಳಿಗೆ ಪೂರ್ವ ದಡ ಎದೆಕೊಟ್ಟು ನಿಲ್ಲುತ್ತದೆ. ಪಶ್ಚಿಮಕ್ಕೆ ಮುಖ ಮಾಡಿದ ರಾಧಾನಗರಕ್ಕೆ ಇಡೀ ಗುಡ್ಡ, ಕಾಡು ಗೋಡೆಯ ಹಾಗೆ ಅಡ್ಡ. ಮುಂಗಾರಿನಲ್ಲಿ ಇದೆಲ್ಲ ಉಲ್ಟಾ. ಗಾಳಿ ನೈರುತ್ಯದಿಂದ ಬೀಸಿ, ಇದೇ ರಾಧಾನಗರದಲ್ಲಿ ಅಲೆ ಅಪ್ಪಳಿಸುತ್ತದೆ. ಲಕ್ಷದ್ವೀಪದಲ್ಲೂ ಹೆಚ್ಚಿನ ದ್ವೀಪಗಳು ಹವಳದ ಉಂಗುರದ ಪೂರ್ವ ಅಂಚಿನಲ್ಲಿ ಕೂತಿವೆ, ಉಂಗುರದೊಳಗಿನ ಆಳವಿಲ್ಲದ ನೀರು, ಅಂದರೆ ಲಗೂನ್, ಪಶ್ಚಿಮಕ್ಕಿದೆ. ಅದಕ್ಕೇ ಚಳಿಗಾಲದಲ್ಲಿ ಆ ಲಗೂನ್ ಅಷ್ಟು ಶಾಂತ.

ಆಮೇಲೆ ನಾನು ಟೆಂಪರೇಚರ್ ನೋಡುವುದನ್ನೇ ಬಿಟ್ಟೆ. ಪೋರ್ಟ್ ಬ್ಲೇರ್‌ನಲ್ಲಿ ಅದು ಜನವರಿಯಲ್ಲೂ ಹಗಲು 29–30, ರಾತ್ರಿ 23ರ ಆಸುಪಾಸು. ಸಮುದ್ರದ ನೀರೂ 27–28 ಡಿಗ್ರಿ ಬೆಚ್ಚಗೆ ಇರುತ್ತದೆ. ಹೊರಡುವ ಹತ್ತು ದಿನ ಮೊದಲಿಂದ ನೋಡುವುದು ಗಾಳಿ ಮತ್ತು ಅಲೆ. ಹವಾಮಾನ ಇಲಾಖೆಯ ಮೀನುಗಾರರ ಎಚ್ಚರಿಕೆ ಓದುತ್ತೇನೆ. ಹೈದರಾಬಾದಿನಲ್ಲಿರುವ ಸರ್ಕಾರಿ ಸಾಗರ ಮಾಹಿತಿ ಕೇಂದ್ರ ಇನ್‌ಕಾಯಿಸ್ ಕೊಡುವ ಅಲೆಯ ಮುನ್ಸೂಚನೆ ನೋಡುತ್ತೇನೆ. ಗಾಳಿ 10 ನಾಟ್‌ಗಿಂತ ಕಡಿಮೆ ಇದ್ದರೆ, ಅಂದರೆ ಗಂಟೆಗೆ ಸುಮಾರು 18 ಕಿಲೋಮೀಟರ್ ಒಳಗೆ, ಅಮ್ಮನನ್ನು ಎಲ್ಲಿಗೆ ಬೇಕಾದರೂ ಕರೆದುಕೊಂಡು ಹೋಗುತ್ತೇನೆ. 15ರ ಹತ್ತಿರ ಬಂದರೆ ಪಶ್ಚಿಮ ದಡ ಮಾತ್ರ. 20 ದಾಟಿದರೆ ದೋಣಿ ಮಾತೇ ಇಲ್ಲ. ಇದು ನನ್ನ ಲೆಕ್ಕ, ವಯಸ್ಸಾದವರು ಜೊತೆಗಿದ್ದಾರೆ ಅಂತ ಹಾಕಿಕೊಂಡದ್ದು.

ಅಲೆಯ ಎತ್ತರದ ವಿಷಯದಲ್ಲಿ ನಾನು ಮೊದಲು ಮೋಸ ಹೋಗಿದ್ದೆ. ಮುನ್ಸೂಚನೆಯಲ್ಲಿ 1.5 ಮೀಟರ್ ಅಂತ ಇದ್ದರೆ ಎಲ್ಲ ಅಲೆಯೂ ಅಷ್ಟೇ ಅಂದುಕೊಂಡಿದ್ದೆ. ಅಲ್ಲ. ಅದು ಬರುವ ಅಲೆಗಳಲ್ಲಿ ಎಲ್ಲಕ್ಕಿಂತ ಎತ್ತರದ ಮೂರನೇ ಒಂದು ಪಾಲಿನ ಸರಾಸರಿ ಎತ್ತರ. ನಡುವೆ ಒಂದೊಂದು ಅದರ ಎರಡರಷ್ಟೂ ಏಳಬಹುದು. ಇನ್ನೊಂದು, ಅಲೆಗಳ ನಡುವಿನ ಸೆಕೆಂಡು. ಅದೇ ಎತ್ತರದ ಅಲೆ 5 ಸೆಕೆಂಡಿಗೊಂದು ಬಂದರೆ ಫೆರಿ ದಡಬಡ ಕುಟ್ಟುತ್ತದೆ. 12 ಸೆಕೆಂಡಿಗೊಂದು ಬಂದರೆ ಉಯ್ಯಾಲೆಯ ಹಾಗೆ ನಿಧಾನಕ್ಕೆ ಎತ್ತಿ ಇಳಿಸುತ್ತದೆ.

ಫೆರಿಯಲ್ಲಿ ಅಮ್ಮನನ್ನು ನಡುಭಾಗದಲ್ಲಿ, ಕೆಳಗಿನ ಡೆಕ್‌ನಲ್ಲಿ ಕೂರಿಸುತ್ತೇನೆ. ಅಲ್ಲಿ ಕುಲುಕಾಟ ಕಡಿಮೆ. ಖಾಲಿ ಹೊಟ್ಟೆ ಬೇಡ, ಎರಡು ಇಡ್ಲಿ ಸಾಕು. ಯಾವಾಗಲೂ ಬೆಳಗಿನ ಮೊದಲ ಫೆರಿ, ರದ್ದಾದರೆ ಮಧ್ಯಾಹ್ನದ್ದನ್ನಾದರೂ ಕೇಳಬಹುದು. ಕೊನೆಯ ರಾತ್ರಿ ಮಾತ್ರ ಪೋರ್ಟ್ ಬ್ಲೇರ್‌ನಲ್ಲೇ ಕಳೆಯಬೇಕು. ಇದನ್ನು ದಯವಿಟ್ಟು ತಪ್ಪಿಸಬೇಡಿ.

ಉಬ್ಬರ ಇಳಿತಕ್ಕೆ ನಮ್ಮ ಅಡುಗೆಮನೆ ಗೋಡೆಯ ಕ್ಯಾಲೆಂಡರೇ ಮೊದಲ ಸಹಾಯ. ಹುಣ್ಣಿಮೆ, ಅಮಾವಾಸ್ಯೆ ಆಸುಪಾಸು ನೀರು ಅತಿ ಜಾಸ್ತಿ ಏರುತ್ತದೆ, ಅತಿ ಜಾಸ್ತಿ ಇಳಿಯುತ್ತದೆ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ನೀಲ್ ದ್ವೀಪದ (ಈಗ ಶಹೀದ್ ದ್ವೀಪ) ಕಲ್ಲಿನ ಕಮಾನಿನ ತನಕ ನಡೆದು ಹೋಗಬೇಕಾದರೆ ಇಳಿತವೇ ಬೇಕು.

ಮೂರನೇ ಸಲ ಫೆಬ್ರವರಿ ಕೊನೆ. ಈಶಾನ್ಯ ಗಾಳಿಯ ಜೋರು ಇಳಿದಿತ್ತು. ಹುಣ್ಣಿಮೆ ನೋಡಿ ದಿನ ಇಟ್ಟಿದ್ದೆ. ನೀಲ್‌ನಲ್ಲಿ ಸಂಜೆ ನಾಲ್ಕರ ಹೊತ್ತಿಗೆ ನೀರು ದೂರ ಸರಿದು, ಬಂಡೆಯ ಗುಂಡಿಗಳಲ್ಲಿ ಮಾತ್ರ ಉಳಿದಿತ್ತು. ಅಮ್ಮ ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದರಲ್ಲಿ ನನ್ನ ಭುಜ ಹಿಡಿದು ಗುಂಡಿಯಿಂದ ಗುಂಡಿಗೆ ಹೆಜ್ಜೆ ಹಾಕಿದರು. ಒಂದರಲ್ಲಿ ಕಪ್ಪಗಿನ ಸಮುದ್ರ ಸೌತೆ, ಅಂದರೆ ಸೌತೆಕಾಯಿಯ ಹಾಗೆ ಕಾಣುವ ಜೀವಿ, ಮಲಗಿತ್ತು. ಇನ್ನೊಂದರಲ್ಲಿ ಬೆರಳುದ್ದದ ನೀಲಿ ಮೀನು, ನಮ್ಮ ನೆರಳು ಬಿದ್ದ ಕೂಡಲೇ ಕಲ್ಲಿನ ಅಡಿಗೆ ಹೋಗಿ ಸೇರಿಕೊಂಡಿತು. ಅದು ಮತ್ತೆ ಹೊರಗೆ ಬರುವ ತನಕ ಅಮ್ಮ ಅಲ್ಲೇ ಕಾದು ನಿಂತರು.