ಕ್ಯಾಟ್‌ಕಾನ್ ತೆಗೆಸೂಕಿಂತ ಮೊದ್ಲ ಇದನ್ನ ಓದ್ರಿ: ಗಾಡಿ ಹೊಗಿ ಹೆಂಗ ಸ್ವಚ್ಛ ಆಗ್ತೈತಿ?

ಗಾಡಿ ಎಳೀವಲ್ದು ಅಂತ ಗ್ಯಾರೇಜಿಗೆ ಹೋದ್ರ ನಮ್ಮ ಕೊಪ್ಪಳ, ಬಳ್ಳಾರಿ ಕಡೆ ಒಂದು ಸಲಹೆ ಪುಕ್ಕಟೆ ಸಿಗ್ತೈತಿ, "ಸರ, ಕ್ಯಾಟ್‌ಕಾನ್ ತೆಗೆಸಿ ಬರೇ ಪೈಪ್ ಹಾಕ್ಸಿಬಿಡ್ರಿ, ಆಮ್ಯಾಲ ಪಿಕಪ್ ನೋಡ್ರಿ". ಕ್ಯಾಟ್‌ಕಾನ್ ಅಂದ್ರ ಕ್ಯಾಟಲಿಟಿಕ್ ಕನ್ವರ್ಟರ್, ಸೈಲೆನ್ಸರ್‌ಕಿಂತ ಮೊದ್ಲ ಕುಂತು ಹೊಗಿ ಸ್ವಚ್ಛ ಮಾಡೋ ಡಬ್ಬಿ. ಹೂಂ ಅನ್ನೂಕಿಂತ ಮೊದ್ಲ ಆ ಡಬ್ಬಿ ಯಾಕ ಬ್ಲಾಕ್ ಆತು ಅಂತ ಕೇಳ್ರಿ, ಯಾಕಂದ್ರ ಬಹಳಷ್ಟು ಸಲ ರೋಗ ಇರೋದು ಬ್ಯಾರೆ ಕಡೆ. ಅದಕ್ಕ ಟ್ಯಾಂಕ್‌ನಿಂದ ಹಿಡಿದು ಸೈಲೆನ್ಸರ್‌ತನಕ ಸಾಲಾಗಿ ನೋಡ್ಕೊಂತ ಹೋಗೂಣ.

ಮೊದ್ಲ, ಟ್ಯಾಂಕ್. ಎಂಜಿನ್ ಬಂದ್ ಇದ್ರೂ ಪೆಟ್ರೋಲ್ ಆವಿ ಆಗ್ತಾನ ಇರ್ತೈತಿ, ಅದ್ರಾಗ ರಾಯಚೂರಿನ ಮೇ ತಿಂಗಳ ಬಿಸಿಲಾಗ ಗಾಡಿ ನಿಲ್ಲಿಸಿದ್ರ ಕೇಳೋದ ಬ್ಯಾಡ. ಆ ಆವಿ ಹೊರಗ ಹೋಗದಂಗ ಇದ್ದಿಲು ತುಂಬಿದ ಕ್ಯಾನಿಸ್ಟರ್ ಹಿಡಿದಿಟ್ಟುಕೊಳ್ತೈತಿ, ಎಂಜಿನ್ ಓಡೋ ಮುಂದ ಪರ್ಜ್ ವಾಲ್ವ್ ತೆರೆದು ಅದನ್ನ ಎಂಜಿನ್ನ ಎಳ್ಕೊಂಡು ಸುಡ್ತೈತಿ. ಬಂಕಿನಾಗ ಆಟೋಕಟ್ ಆದಮ್ಯಾಲೂ "ರೌಂಡ್ ಫಿಗರ್ ಮಾಡಪಾ" ಅಂತೀವಲ್ಲ, ಅದು ಬಿಡ್ರಿ. ಕುತ್ತಿಗಿತನಕ ತುಂಬಿಸಿದ್ರ ಆವಿ ಬದ್ಲಿ ಪೆಟ್ರೋಲ ಕ್ಯಾನಿಸ್ಟರ್‌ಗೆ ಹೋಗಿ ಇದ್ದಿಲು ಹಾಳಾಗ್ತೈತಿ.

ಎಂಜಿನ್ ಕೆಳಗ ಪಿಸ್ಟನ್ ರಿಂಗ್ ಸಂದಿಯಿಂದ ಇಳಿಯೋ ಗ್ಯಾಸ್‌ನ ಪಿಸಿವಿ ವಾಲ್ವ್ ವಾಪಸ್ ಇನ್‌ಟೇಕ್‌ಗೆ (ಗಾಳಿ ಒಳಗ ಹೋಗೋ ದಾರಿಗೆ) ಕಳಿಸ್ತೈತಿ. ಇದು ಸಣ್ಣ ಪಾರ್ಟು, ಜಾಮ್ ಆದ್ರ ಆಯಿಲ್ ಕುಡಿಯೂಕ ಶುರು ಮಾಡ್ತೈತಿ ಅಷ್ಟ.

ಎರಡನೇದು, ಗಾಳಿ. 1 ಕೆಜಿ ಪೆಟ್ರೋಲ್ ಪೂರ್ತಿ ಸುಡೂಕ ಸುಮಾರು 14.7 ಕೆಜಿ ಗಾಳಿ ಬೇಕು. ಗಾಳಿ ಕಮ್ಮಿ ಬಿದ್ರ ಕಾರ್ಬನ್ ಮಾನಾಕ್ಸೈಡು, ಸುಡದ ಪೆಟ್ರೋಲು ಹೊರಗ ಬರ್ತಾವು. ಸಿಲಿಂಡರ್ ಬಹಳ ಕಾದ್ರ ಗಾಳಿಯೊಳಗಿನ ನೈಟ್ರೋಜನ್ನ ಆಕ್ಸಿಜನ್ ಜೊತಿ ಸೇರಿ ನಾಕ್ಸ್ (ನೈಟ್ರೋಜನ್ ಆಕ್ಸೈಡು ಅನ್ನೋ ವಿಷದ ಗ್ಯಾಸು) ಆಗ್ತೈತಿ. ಇದನ್ನ ಕಮ್ಮಿ ಮಾಡೂಕ ಇಜಿಆರ್ ವಾಲ್ವ್ ಸ್ವಲ್ಪ ಹೊಗಿನ ತಿರುಗಿ ಒಳಗ ಬಿಟ್ಟು ಬಿಸಿ ತಗ್ಗಿಸ್ತೈತಿ. ಗಾಳಿ-ಪೆಟ್ರೋಲ್ ಲೆಕ್ಕ ತಪ್ಪದಂಗ ಎಕ್ಸಾಸ್ಟ್‌ನಾಗಿನ ಆಕ್ಸಿಜನ್ ಸೆನ್ಸರ್ ನೋಡ್ತಿರ್ತೈತಿ, ಅದು ಹೇಳಿದಂಗ ಇಸಿಯು (ಎಂಜಿನ್ ಕಂಪ್ಯೂಟರ್) ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಟರ್‌ನ ಹೆಚ್ಚುಕಮ್ಮಿ ಮಾಡ್ತೈತಿ.

ನಮ್ಮ ಕಡೆ ಕೆಲಸ ಕೆಡೋದು ಇಲ್ಲೇ. ಸಂಡೂರು, ತೋರಣಗಲ್ಲು ರೋಡಿನಾಗ ಅದಿರು ಲಾರಿ ಹಿಂದ ಓಡಾಡೋ ಗಾಡಿ ಏರ್ ಫಿಲ್ಟರ್ ಬಿಚ್ಚಿ ನೋಡ್ರಿ, ಕೆಂಪು ಧೂಳು ಸುರೀತೈತಿ. ಅದನ್ನ ಕಂಪ್ರೆಸರ್ ಹಾಕಿ ಜೋರಾಗಿ ಊದಿಸಿ ಊದಿಸಿ ವರ್ಷಗಟ್ಲೆ ಓಡಿಸ್ತಾರ, ಪೇಪರ್ ಹರೀತೈತಿ, ಧೂಳು ಒಳಗ ಹೋಗಿ ರಿಂಗ್ ಸವೀತಾವು, ಆಯಿಲ್ ಸುಡೂಕ ಶುರು ಆಗ್ತೈತಿ, ಆ ಆಯಿಲ್ ಬೂದಿ ಹೋಗಿ ಕ್ಯಾಟ್‌ಕಾನ್‌ನಾಗ ಕುಂದರ್ತೈತಿ. ಕೆಲವು ನೂರು ರೂಪಾಯಿ ಫಿಲ್ಟರ್ ಉಳಿಸೂಕ ಹೋಗಿ ಇಷ್ಟೆಲ್ಲಾ. ಬುಕ್ಕಿನಾಗ ಬರೆದ ಕಿಲೋಮೀಟರ್ ಇಂಥ ರೋಡಿಗೆ ಲೆಕ್ಕಕ್ಕಿಲ್ಲ, ಅದಕ್ಕಿಂತ ಮೊದ್ಲ ಬದಲಿಸ್ರಿ.

ಮೂರನೇದು, ಕ್ಯಾಟ್‌ಕಾನ್. ಡಬ್ಬಿ ಒಳಗ ಜೇನುಗೂಡಿನಂಗ ತೂತು ತೂತು ಇರೋ ಸಿರಾಮಿಕ್ ಐತಿ, ಮ್ಯಾಲ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ತೆಳ್ಳಗ ಬಳ್ದಿರ್ತಾರ (ಕಳ್ಳರು ಇದರ ಹಿಂದ ಬೀಳೋದು ಅದಕ್ಕ). ರೋಡಿಯಂ ನಾಕ್ಸ್ ಒಡೆದು ನೈಟ್ರೋಜನ್ ಮಾಡ್ತೈತಿ, ಉಳಿದವು ಮಾನಾಕ್ಸೈಡು, ಸುಡದ ಪೆಟ್ರೋಲನ್ನ ಕಾರ್ಬನ್ ಡೈಆಕ್ಸೈಡು, ನೀರು ಮಾಡ್ತಾವು. ಸುಮಾರು 250–300 ಡಿಗ್ರಿ ಕಾಯೋತನಕ ಇದು ಸರಿಯಾಗಿ ಕೆಲಸ ಮಾಡಂಗಿಲ್ಲ, ಮುಂಜಾನೆ ಸ್ಟಾರ್ಟ್ ಮಾಡಿದಾಗ ವಾಸನಿ ಜಾಸ್ತಿ ಬರೋದು ಅದಕ್ಕ. ಸೀಸ ಬಿದ್ರಂತೂ ಸತ್ತ ಹೋಗ್ತೈತಿ. ದೇಶದಾಗ ಸೀಸದ ಪೆಟ್ರೋಲ್ 2000ರಾಗ ಪೂರ್ತಿ ಬಂದ್ ಆತು.

ಪ್ಲಗ್ ಕೆಟ್ಟು ಮಿಸ್‌ಫೈರ್ ಆಗ್ತಿದ್ರ, ಅಂದ್ರ ಸಿಲಿಂಡರ್‌ನಾಗ ಪೆಟ್ರೋಲ್ ಸರಿಯಾಗಿ ಹತ್ತದಿದ್ರ, ಸುಡದ ಪೆಟ್ರೋಲ್ ಹೋಗಿ ಕ್ಯಾಟ್‌ಕಾನ್ ಒಳಗ ಉರೀತೈತಿ, ಸಿರಾಮಿಕ್ ಕರಗಿ ದಾರಿ ಮುಚ್ತೈತಿ. ಅದಕ್ಕ ಚೆಕ್ ಎಂಜಿನ್ ಲೈಟ್ ಮಿಣುಕದ ಒಂದೇ ಸಮ ಹತ್ತಿದ್ರ ನಿಧಾನ ಹೋಗಿ ತೋರಿಸ್ರಿ, ಮಿಣುಕು ಮಿಣುಕು ಅಂದ್ರ ಸೈಡಿಗೆ ಹಾಕಿ ನಿಲ್ಲಿಸ್ರಿ. ಡಬ್ಬಿ ತೆಗೆದು ಪೈಪ್ ಹಾಕಿದ್ರ ಮಿಸ್‌ಫೈರ್ ಹಂಗ ಉಳೀತೈತಿ, ಕ್ಯಾಟ್‌ಕಾನ್ ಹಿಂದಿರೋ ಎರಡನೇ ಸೆನ್ಸರ್‌ಗೆ ವ್ಯತ್ಯಾಸ ಗೊತ್ತಾಗಿ ಲೈಟ್ ಮತ್ತ ಹತ್ತೈತಿ.

ಡೀಸೆಲ್ ಇದ್ದೋರು. 2020ರ ಏಪ್ರಿಲ್‌ನಿಂದ ಬಿಎಸ್-6 ಅನ್ನೋ ಹೊಗಿ ನಿಯಮ ಬಂತು, ಅಲ್ಲಿಂದ ಡೀಸೆಲ್ ಕಾರಿಗೆ ಡಿಪಿಎಫ್ (ಹೊಗಿಯೊಳಗಿನ ಮಸಿ ಹಿಡಿಯೋ ಫಿಲ್ಟರ್) ಇದ್ದ ಇರ್ತೈತಿ. ಇದು ಮಸಿ ಹಿಡಿದು ಸುಮಾರು 600 ಡಿಗ್ರಿಗೆ ಸುಟ್ಟು ತಾನ ಖಾಲಿ ಆಗ್ತೈತಿ, ಆದ್ರ ಕೊಪ್ಪಳ ಊರೊಳಗ ಮನಿಯಿಂದ ಅಂಗಡಿಗೆ, ಅಂಗಡಿಯಿಂದ ಮನಿಗೆ ಅಂತ ಓಡಿಸಿದ್ರ ಅಷ್ಟು ಬಿಸಿ ಎಲ್ಲಿಂದ ಬರಬೇಕು? ಡಿಪಿಎಫ್ ಲೈಟ್ ಹತ್ತಿದ್ರ ಮುನಿರಾಬಾದ್ ದಾಟಿ ಹೊಸಪೇಟಿ ಕಡೆ ಹೈವೇಯಾಗ ಒಂದ 20 ನಿಮಿಷ ಒಂದೇ ಸ್ಪೀಡಿನಾಗ ಹೋಗಿಬರ್ರಿ, ಎಷ್ಟು ಸ್ಪೀಡು ಅನ್ನೋದು ಮ್ಯಾನ್ಯುಯಲ್‌ನಾಗ ಇರ್ತೈತಿ. ಲೈಟ್ ಹತ್ತಿದ್ರೂ ಸುಮ್ನ ಕುಂತ್ರ ಖರ್ಚು ದೊಡ್ಡದು.

ಕೊನೀಗೆ, ಸೆಕೆಂಡ್ ಹ್ಯಾಂಡ್ ತಗೊಳೋರಿಗೆ. ಕೀ ಆನ್ ಮಾಡ್ರಿ, ಸ್ಟಾರ್ಟ್ ಬ್ಯಾಡ. ಚೆಕ್ ಎಂಜಿನ್ ಲೈಟ್ ಹತ್ತಬೇಕು, ಸ್ಟಾರ್ಟ್ ಮಾಡಿದಮ್ಯಾಲ ಆರಬೇಕು. ಮೊದಲಿಗೇ ಹತ್ತಲಿಲ್ಲ ಅಂದ್ರ ಯಾರೋ ಬಲ್ಬ್ ಕಿತ್ತಾರ ಅಂತ ಅನುಮಾನ ಪಡ್ರಿ. ಆಮ್ಯಾಲ ಬಗ್ಗಿ ಕೆಳಗ ನೋಡ್ರಿ, ಎಂಜಿನ್‌ನಿಂದ ಸೈಲೆನ್ಸರ್‌ತನಕ ಡಬ್ಬಿ ಎಲ್ಲೂ ಇಲ್ದ ಬರೇ ವೆಲ್ಡಿಂಗ್ ಮಾಡಿದ ಪೈಪ್ ಕಂಡ್ರ, ಹೊಸ ಕ್ಯಾಟ್‌ಕಾನ್ ರೊಕ್ಕ ಕಳೆದು ರೇಟ್ ಮಾತಾಡ್ರಿ.