‘ಫಾರ್ ದಿ ಪೀಪಲ್’ ಆಡುವುದು ಹೇಗೆ? ಮೊದಲು ಸೇನಾನಿಯ ಅಂಕಿ ನೋಡಿ

ಅಮೆರಿಕದ ಅಂತರ್ಯುದ್ಧದ (1861–65) ಮೇಲೆ ಮಾರ್ಕ್ ಹರ್ಮನ್ ರೂಪಿಸಿದ ಬೋರ್ಡ್ ಆಟ ಇದು. ಮೊದಲು ಬಂದದ್ದು 1998ರಲ್ಲಿ. ಇಬ್ಬರು ಆಡುವ ಆಟ, ಒಬ್ಬರದು ಉತ್ತರದ ರಾಜ್ಯಗಳು, ಇನ್ನೊಬ್ಬರದು ಅವುಗಳಿಂದ ಬೇರೆಯಾದ ದಕ್ಷಿಣ. ಕಲಿಯಲು ಕೂತವರನ್ನು ತುಂಬಾ ನೋಡಿದ್ದೇನೆ, ಹೆಚ್ಚುಕಮ್ಮಿ ಎಲ್ಲರೂ ಒಂದೇ ಕಡೆ ಎಡವುತ್ತಾರೆ. ಉತ್ತರದ ಪಕ್ಷ ಸಿಕ್ಕರೆ ಸಾಕು, ಕಣ್ಣು ನೇರ ದಕ್ಷಿಣದ ರಾಜಧಾನಿ ರಿಚ್ಮಂಡ್ ಮೇಲೆ. ಉತ್ತರದ ರಾಜಧಾನಿ ವಾಷಿಂಗ್ಟನ್‌ನಿಂದ ಬರೀ 160 ಕಿ.ಮೀ. ಅಲ್ವಾ, ನುಗ್ಗಿದರಾಯಿತು ಅಂತ.

ಮೊದಲ ಹೆಜ್ಜೆ: ನಕ್ಷೆ ಹಾಸಿ, ನಿಯಮ ಪುಸ್ತಕದಲ್ಲಿರುವ ಹಾಗೆ ಕಾಯಿಗಳನ್ನು ಜೋಡಿಸಿ. ಹಾಳೆಯಿಂದ ಕಾಯಿಗಳನ್ನು ಕೈಯಿಂದ ಕೀಳಬೇಡಿ, ಮೂಲೆ ಹರಿಯುತ್ತದೆ. ಬ್ಲೇಡಿನಿಂದ ಬಿಡಿಸಿ. ನಕ್ಷೆಯ ಮೇಲೊಂದು ಅಕ್ರಿಲಿಕ್ ಹಾಳೆ ಇಡಿ. ತೆಳು ಪೇಪರಿನ ಜೆರಾಕ್ಸ್ ನಕ್ಷೆಯಲ್ಲಿ ಮಾತ್ರ ಆಡಲೇಬೇಡಿ. ಫ್ಯಾನ್ ಗಾಳಿಗೆ ಅಂಚು ಎದ್ದರೆ ಸೈನ್ಯವೆಲ್ಲ ಒಂದು ಕಡೆಗೆ ಜಾರುತ್ತದೆ.

ಎರಡನೆಯದು ಕಾರ್ಡ್. ಕಷ್ಟ ಇರುವುದೇ ಇಲ್ಲಿ, ನಿಧಾನವಾಗಿ ಓದಿ. ಪ್ರತಿ ಕಾರ್ಡಿನಲ್ಲಿ 1, 2 ಅಥವಾ 3 ಅಂತ ಅಂಕಿ ಇರುತ್ತದೆ, ಜೊತೆಗೊಂದು ಘಟನೆ. ಅಂಕಿಯನ್ನು ಬಳಸಿದರೆ ಘಟನೆ ಇಲ್ಲ, ಘಟನೆ ಬಳಸಿದರೆ ಅಂಕಿ ಇಲ್ಲ. ಸೇನಾನಿಗಳಿಗೂ 1ರಿಂದ 3ರವರೆಗೆ ಅಂಕಿ ಉಂಟು. ಆದರೆ ಇದು ಉಲ್ಟಾ. ಅಂಕಿ ಜಾಸ್ತಿ ಇದ್ದಷ್ಟೂ ಆತ ಸೋಮಾರಿ. ಅವನ ಅಂಕಿಯಷ್ಟು ಅಥವಾ ಅದಕ್ಕಿಂತ ದೊಡ್ಡ ಕಾರ್ಡ್ ಕೊಟ್ಟರಷ್ಟೇ ಎದ್ದು ನಡೆಯುತ್ತಾನೆ. ದಕ್ಷಿಣದ ಲೀಗೆ 1, ಯಾವ ಕಾರ್ಡಾದರೂ ಸಾಕು. ಉತ್ತರದ ಮೆಕ್ಲೆಲನ್‌ಗೆ 3.

ಒಮ್ಮೆ ಗೆಳೆಯನೊಬ್ಬ ಇದ್ದಬದ್ದ ಪಡೆಯನ್ನೆಲ್ಲ ಮೆಕ್ಲೆಲನ್ ಕೆಳಗೆ ಪೇರಿಸಿದ. ಕೈಯಲ್ಲಿದ್ದದ್ದೆಲ್ಲ 1 ಮತ್ತು 2. ಆ ಸರದಿ ಮುಗಿಯುವವರೆಗೂ ಅಷ್ಟು ದೊಡ್ಡ ಸೈನ್ಯ ವಾಷಿಂಗ್ಟನ್ ಬಿಟ್ಟು ಕದಲಲಿಲ್ಲ. ಕಾರ್ಡ್‌ಗಳನ್ನು ತಿರುಗಿಸಿ ಮುರುಗಿಸಿ ನೋಡುತ್ತಾ ಕೂತಿದ್ದ, ಪಾಪ. ನಿಜವಾದ ಯುದ್ಧದಲ್ಲಿ ಲಿಂಕನ್ ಪಟ್ಟ ಪಾಡೂ ಇದೇ. ಮತ್ತೆ ಕಿತ್ತುಹಾಕೋಣ ಅಂದರೆ, ಸೇನಾನಿಗೆ ರಾಜಕೀಯ ಬೆಲೆಯೂ ಇದೆ. ದೊಡ್ಡ ಹೆಸರಿನವನನ್ನು ಸುಮ್ನೆ ಬದಿಗೆ ಸರಿಸಿದರೆ ನಿಮ್ಮ ಪಕ್ಷದ ಮನೋಬಲ ಇಳಿಯುತ್ತದೆ. ಈ ಆಟದಲ್ಲಿ ಕರಗಿಸಬೇಕಾದದ್ದು ಎದುರಾಳಿಯ ಮನೋಬಲ, ನಮ್ಮದಲ್ಲ.

ಅದಕ್ಕೇ ಕಾರ್ಡ್ ಕೈಗೆ ಬಂದ ತಕ್ಷಣ ಮೊದಲು 3ರ ಕಾರ್ಡ್‌ಗಳನ್ನು ಎಣಿಸಿ. ಒಂದೇ ಇದ್ದರೆ ಪೂರ್ವದಲ್ಲಿ, ಅಂದರೆ ರಿಚ್ಮಂಡ್ ಕಡೆ, ದಾಳಿಯ ಆಸೆ ಬಿಡಿ. ಸಣ್ಣ ಕಾರ್ಡ್‌ಗಳನ್ನು ಉತ್ತರದ ಇನ್ನೊಬ್ಬ ಸೇನಾನಿ ಗ್ರ್ಯಾಂಟ್‌ಗೆ ಕೊಡಿ, ಪಶ್ಚಿಮದ ನದಿಗಳತ್ತ ಕಳಿಸಿ. 1862ರ ಫೆಬ್ರವರಿಯಲ್ಲಿ ಆತ ಟೆನೆಸಿ ನದಿಯ ಹೆನ್ರಿ ಕೋಟೆ, ಕಂಬರ್ಲೆಂಡ್ ನದಿಯ ಡಾನಲ್ಸನ್ ಕೋಟೆ ಎರಡನ್ನೂ ಹಿಡಿದ. ಅದೇ ತಿಂಗಳು ನ್ಯಾಶ್‌ವಿಲ್ ಉತ್ತರದ ಪಾಲಾಯಿತು. ನಕ್ಷೆಯ ಮೇಲೂ ದಕ್ಷಿಣದ ಬಾಗಿಲು ಅದೇ. ಮುಂದೆ ಮಿಸಿಸಿಪ್ಪಿ ನದಿ, ಅಲ್ಲಿಂದ ಅದರ ದಡದ ಊರು ವಿಕ್ಸ್‌ಬರ್ಗ್. ಯೂಟ್ಯೂಬಿನಲ್ಲಿ ‘ಮೊದಲ ವರ್ಷವೇ ಗೆಲ್ಲಿ’ ಥರದ ಒಳದಾರಿ ಹುಡುಕಬೇಡಿ. ಎದುರಿಗೆ ಕೂತವರು ಆಟ ಬಲ್ಲವರಾದರೆ ಅವು ಮೂರನೇ ಸರದಿಗೂ ಬಾಳುವುದಿಲ್ಲ.

ಮೂರನೆಯದು ಕರಾವಳಿ. ಉತ್ತರ ಆಡುತ್ತಿದ್ದರೆ ದಕ್ಷಿಣದ ಬಂದರುಗಳನ್ನು ಒಂದೊಂದಾಗಿ ಹಿಡಿಯುತ್ತಾ ಹೋಗಿ.

ನಾಲ್ಕನೆಯದು ಸರಬರಾಜು. ಸೈನ್ಯ ಮುಂದಿಡುವ ಮೊದಲು ಅದರ ಹಿಂದಿನ ದಾರಿಯನ್ನು ಬೆರಳಿಟ್ಟು ನೋಡಿ. ನಡುವೆ ಎಲ್ಲಾದರೂ ಶತ್ರು ಕೂತಿದ್ದರೆ ನಿಲ್ಲಿ. ದಕ್ಷಿಣ ಆಡುವವರಿಗೆ ಇದು ಇನ್ನೂ ಮುಖ್ಯ, ಲೀಯನ್ನು ಉತ್ತರದ ಪೆನ್ಸಿಲ್ವೇನಿಯಾಕ್ಕೆ ಕಳಿಸುವುದು ಸುಲಭ, ವಾಪಸ್ ಕರೆತರುವುದು ಕಷ್ಟ.

ಮೊದಲ ದಿನವೇ 1865ರವರೆಗೆ ಆಡಲು ಹೋಗಬೇಡಿ. 1862ರ ಕೊನೆಗೆ ನಿಲ್ಲಿಸಿ, ಕಾಫಿ ಕುಡಿದು, ಪಕ್ಷ ಅದಲುಬದಲು ಮಾಡಿಕೊಂಡು ಮತ್ತೆ ಮೊದಲಿನಿಂದ ಶುರುಮಾಡಿ.