ಸಂಪಿಗೆಯ ಎಸಳು, ಕನ್ನಡದ ತಲೆಕಟ್ಟು: ಹೂವಿನ ಕಟ್ಟು ನೋಡಿ ಶೀರ್ಷಿಕೆ ಬರೆಯುವ ಕ್ರಮ

ಹೂವಿನ ಅಕ್ಷರ ಬೇಕು ಎಂದರೆ ಹೆಚ್ಚಿನ ಕಡೆ ಸಿಗುವುದು ಅಕ್ಷರದ ಮೂಲೆಗೊಂದು ಗುಲಾಬಿ ಅಂಟಿಸಿದ ಲಗ್ನಪತ್ರಿಕೆ. ಅಲ್ಲಿ ಹೂವು ಬೇರೆ, ಅಕ್ಷರ ಬೇರೆ. ಹೂವನ್ನು ಕಿತ್ತು ಹಾಕಿದರೂ ಅಕ್ಷರಕ್ಕೆ ಏನೂ ಆಗುವುದಿಲ್ಲ. ಇಲ್ಲಿ ಹೇಳುವುದು ಬೇರೆಯೇ ಕೆಲಸ. ಎಸಳು ಎಲ್ಲಿ ಅಗಲವಾಗುತ್ತದೆ, ತುದಿ ಹೇಗೆ ಮುಗಿಯುತ್ತದೆ, ತೊಟ್ಟಿಗೆ ಹೇಗೆ ಸೇರುತ್ತದೆ ಎಂಬುದನ್ನು ಅಳೆದು, ಆ ಕಟ್ಟನ್ನು ಅಕ್ಷರದ ಗೆರೆಗೇ ಕೊಡಬೇಕು. ಹೂವಿನ ಚಿತ್ರ ಎಲ್ಲೂ ಇಲ್ಲದಿದ್ದರೂ ನೋಡಿದವರಿಗೆ ಸಂಪಿಗೆ ನೆನಪಾಗಬೇಕು.

ಉದಾಹರಣೆಗೆ ಎಲ್ಲರಿಗೂ ಗೊತ್ತಿರುವ ತಲೆಬರಹವನ್ನೇ ತೆಗೆದುಕೊಳ್ಳೋಣ: ‘ಮದುವೆಯ ಮಮತೆಯ ಕರೆಯೋಲೆ’.

ಮೊದಲು ಪದ, ಆಮೇಲೆ ಹೂವು

ಹೂವನ್ನು ಮೊದಲೇ ಆರಿಸಿಕೊಂಡರೆ ಕೆಲಸ ಅರ್ಧದಲ್ಲಿ ನಿಲ್ಲುತ್ತದೆ, ಏಕೆಂದರೆ ಅದಕ್ಕೆ ಜಾಗ ಕೊಡುವುದು ಪದದಲ್ಲಿರುವ ಗೆರೆಗಳು. ಶಾಲೆಯಲ್ಲಿ ಕಾಗುಣಿತ ಹೇಳಿಕೊಟ್ಟ ಹಾಗೆ ಬಿಡಿಸಿ ಎಣಿಸಿ. ಈ ಸಾಲಿನಲ್ಲಿ ಹನ್ನೆರಡು ಅಕ್ಷರ. ತಲೆಕಟ್ಟು ಏಳು: ಮ, ದು, ಯ, ಮ, ಮ, ಯ, ಕ. ಏತ್ವ ನಾಲ್ಕು: ವೆ, ತೆ, ರೆ, ಲೆ. ಉಳಿದದ್ದು ಯೋ, ಓತ್ವದ ಜೊತೆಗೊಂದು ದೀರ್ಘ. ಒತ್ತಕ್ಷರ ಒಂದೂ ಇಲ್ಲ. ಅಂದರೆ ಅಲಂಕಾರವೆಲ್ಲ ಅಕ್ಷರದ ನೆತ್ತಿಯ ಮೇಲೆ ಬರಬೇಕು, ಸಾಲಿನ ಕೆಳಗೆ ಏನೂ ಇಳಿಯುವುದಿಲ್ಲ. ಮೂರು ಪದಕ್ಕೂ ನಾಲ್ಕು ನಾಲ್ಕೇ ಅಕ್ಷರ ಇರುವುದರಿಂದ ಒಂದರ ಕೆಳಗೊಂದು ಮೂರು ಸಾಲಾಗಿ ಜೋಡಿಸಿದರೆ ಚೌಕಟ್ಟು ತಾನಾಗಿ ಕೂರುತ್ತದೆ.

ತಲೆಕಟ್ಟು ಎಡದಿಂದ ಹೊರಟು, ಬಲತುದಿಯಲ್ಲಿ ಮೇಲಕ್ಕೆ ಚಿಮ್ಮುವ ಗೆರೆ. ಸಂಪಿಗೆಯ ಒಂದು ಎಸಳನ್ನು ಮಲಗಿಸಿ ತುದಿಯನ್ನು ತುಸು ಎತ್ತಿದರೆ ಅದೇ ಆಕಾರ ಬರುತ್ತದೆ. ಏಳು ತಲೆಕಟ್ಟಿರುವ ಈ ಸಾಲಿಗೆ ಸಂಪಿಗೆ ಒಗ್ಗುವುದು ಅದಕ್ಕೇ. ಅದೇ ‘ಜಲಜ’ ಎಂಬ ಹೆಸರು ಬಂದರೆ? ಜ ಮತ್ತು ಲ ಎರಡಕ್ಕೂ ತಲೆಕಟ್ಟಿಲ್ಲ. ಖ, ಟ, ಣ, ಬ ಕೂಡ ಹಾಗೇ. ಅಲ್ಲಿ ಸಂಪಿಗೆ ಎಸಳಿಗೆ ಕೂರಲು ಜಾಗವೇ ಇರುವುದಿಲ್ಲ. ಸುರುಳಿಯ ಕೊನೆಯಲ್ಲಿ ಗುಂಡಗೆ ನಿಲ್ಲುವ ಮಲ್ಲಿಗೆ ಮೊಗ್ಗಿನಂಥದ್ದನ್ನು ಹುಡುಕಬೇಕು. ‘ಅಕ್ಕಮ್ಮ’ನಂಥ ಒತ್ತಕ್ಷರ ತುಂಬಿದ ಹೆಸರಿಗೆ ಕನಕಾಂಬರ ಒಳ್ಳೆಯದು. ಅದರ ಎಸಳೆಲ್ಲ ಒಂದೇ ಕಡೆಗೆ ಬೀಸಣಿಗೆಯಂತೆ ಹರಡುತ್ತವೆ, ಕೆಳಗೆ ತೂಗುವ ಒತ್ತಿಗೆ ಆ ಹರವು ಹೊಂದುತ್ತದೆ.

ಒಂದು ಶೀರ್ಷಿಕೆಗೆ ಒಂದೇ ಹೂವು. ಎರಡು ಹೂವು ಬೆರೆಸಿದರೆ ಎರಡರ ಗುರುತೂ ಉಳಿಯುವುದಿಲ್ಲ.

ಹೂವನ್ನು ಬಿಡಿಸಿ ಅಳೆಯುವುದು

ಬೇಕಾಗುವುದು: ಮೊಗ್ಗು, ಅರೆಬಿರಿದದ್ದು, ಪೂರ್ತಿ ಅರಳಿದ್ದು ಹೀಗೆ ಮೂರು ಹೂವು, ಹೊಸ ಬ್ಲೇಡು, ಚಿಮುಟ, ಕಪ್ಪು ಡ್ರಾಯಿಂಗ್ ಹಾಳೆ, ಮಿ.ಮೀ. ಗುರುತಿರುವ ಸ್ಕೇಲು, ಗ್ರಾಫ್ ಹಾಳೆ, ಹತ್ತು ಬಟರ್ ಪೇಪರ್, 2ಬಿ ಪೆನ್ಸಿಲ್. ಹೂವನ್ನು ಬೆಳಗ್ಗೆಯೇ ತಂದು ತಡಮಾಡದೆ ಬಿಡಿಸಿ. ಸಂಪಿಗೆಯ ಎಸಳು ಬೆರಳು ತಾಗಿದ ಕಡೆಯೆಲ್ಲ ಕಂದಾಗುತ್ತದೆ, ಆಮೇಲೆ ಅಂಚು ಯಾವುದು ಕಲೆ ಯಾವುದು ತಿಳಿಯುವುದಿಲ್ಲ. ಅದಕ್ಕೇ ಚಿಮುಟ. ಪುಸ್ತಕದ ನಡುವೆ ಒತ್ತಿ ಒಣಗಿಸಿದ ಎಸಳನ್ನು ಅಳೆಯಬೇಡಿ. ಒಣಗುವಾಗ ಅದು ಕುಗ್ಗಿ ಅಂಚು ಸೊಟ್ಟಗಾಗಿರುತ್ತದೆ.

ಎಸಳುಗಳನ್ನು ಹೊರಗಿನಿಂದ ಒಳಕ್ಕೆ, ಕಿತ್ತ ಕ್ರಮದಲ್ಲೇ ಕಪ್ಪು ಹಾಳೆಯ ಮೇಲೆ ಸಾಲಾಗಿಡಿ. ಪಕ್ಕದಲ್ಲಿ ಸ್ಕೇಲು ಇಟ್ಟು ನೇರ ಮೇಲಿನಿಂದ ಫೋಟೋ ತೆಗೆಯಿರಿ. ಸ್ಕ್ಯಾನರ್ ಇದ್ದರೆ ಗಾಜಿನ ಮೇಲೆ ಪಾರದರ್ಶಕ ಹಾಳೆ ಹಾಸಿ 600 ಡಿಪಿಐಗೆ (ಇಂಚಿಗೆ 600 ಚುಕ್ಕೆ) ಇಡಿ, 4 ಸೆಂ.ಮೀ. ಎಸಳು ಸುಮಾರು 945 ಪಿಕ್ಸೆಲ್ ಬರುತ್ತದೆ, ಅಂಚಿನ ತಿರುವು ಕಾಣಲು ಅಷ್ಟು ಸಾಕು. ಬರ್ಲಿನ್‌ನಲ್ಲಿ ವಿನ್ಯಾಸ ಕಲಿಸುತ್ತಿದ್ದ ಕಾರ್ಲ್ ಬ್ಲಾಸ್‌ಫೆಲ್ಟ್ ಗಿಡದ ಕುಡಿ, ಮೊಗ್ಗುಗಳನ್ನು ಸಾದಾ ಹಿನ್ನೆಲೆಯಲ್ಲಿಟ್ಟು ಹಲವು ಪಟ್ಟು ಹಿಗ್ಗಿಸಿ ವಿದ್ಯಾರ್ಥಿಗಳಿಗೆ ತೋರಿಸುತ್ತಿದ್ದರು. ಹಿನ್ನೆಲೆ ಖಾಲಿ ಇದ್ದಾಗ ಕಣ್ಣು ಬಣ್ಣ ಬಿಟ್ಟು ಆಕಾರಕ್ಕೆ ಹೋಗುತ್ತದೆ. ಲಾಲ್‌ಬಾಗ್‌ನ ಫಲಪುಷ್ಪ ಪ್ರದರ್ಶನದಲ್ಲಿ ಬಗೆಬಗೆಯ ಹೂವು ನೋಡಬಹುದು, ನಿಜ. ಆದರೆ ಕಿತ್ತು ನೋಡಲಾಗದ ಹೂವಿನಿಂದ ಈ ಕೆಲಸಕ್ಕೆ ಹೆಚ್ಚು ಪ್ರಯೋಜನವಿಲ್ಲ. ಮಾರುಕಟ್ಟೆಯಲ್ಲಿ ಕೊಂಡ ನಾಲ್ಕು ಸಂಪಿಗೆಯೇ ಮೇಲು.

ಈಗ ಮೂರು ಮಾತು ಬರೆದಿಟ್ಟುಕೊಳ್ಳಿ. ಅತಿ ಅಗಲದ ಜಾಗ ಎಲ್ಲಿ? ಸಂಪಿಗೆಯ ಹೊರ ಎಸಳಲ್ಲಿ ಅದು ನಡುವಿಗಿಂತ ತುದಿಯ ಕಡೆಗೆ ಇರುತ್ತದೆ. ತುದಿ ಹೇಗೆ? ಮೊನಚು, ಆದರೆ ಸೂಜಿಯಲ್ಲ. ಬುಡ ಹೇಗೆ? ನಿಧಾನವಾಗಿ ಸಣ್ಣದಾಗುತ್ತ ತೊಟ್ಟಿಗೆ ಸೇರುತ್ತದೆ. ಒಳಗಿನ ಎಸಳು ಇನ್ನೂ ಸಪೂರ. ಹಳೆಯದಾದ ಹೂವಿನಲ್ಲಿ ಹೊರ ಎಸಳು ಹಿಂದಕ್ಕೆ ಬಾಗಿರುತ್ತದೆ. ಅದನ್ನೂ ಪಕ್ಕದಿಂದ ಒಮ್ಮೆ ಬಿಡಿಸಿಕೊಳ್ಳಿ, ಏತ್ವಕ್ಕೆ ಬೇಕಾಗುತ್ತದೆ.

ಅಕ್ಷರದ ಹೊಟ್ಟೆಯನ್ನು ಮುಟ್ಟಬೇಡಿ

ಗ್ರಾಫ್ ಹಾಳೆಯಲ್ಲಿ ಅಕ್ಷರದ ಮೈಗೆ 40 ಮಿ.ಮೀ. ಎತ್ತರ, ಅದರ ಮೇಲೆ ತಲೆಕಟ್ಟು, ಏತ್ವಗಳಿಗೆ 14 ಮಿ.ಮೀ. ಬಿಡಿ. ಮೈಯ ಗೆರೆ ಎಲ್ಲ ಕಡೆ 5 ಮಿ.ಮೀ. ದಪ್ಪ. ಒತ್ತಕ್ಷರವಿದ್ದರೆ ಕೆಳಗೆ ಇನ್ನೂ 24 ಮಿ.ಮೀ. ಬೇಕಾಗುತ್ತಿತ್ತು. ನಮ್ಮ ಸಾಲಿಗೆ ಆ ತೊಂದರೆ ಇಲ್ಲದ್ದರಿಂದ ಮೂರೂ ಸಾಲನ್ನು ಹತ್ತಿರ ತರಬಹುದು.

ಹನ್ನೆರಡೂ ಅಕ್ಷರವನ್ನು ಮೊದಲು ಸಾದಾ ಗೆರೆಯಲ್ಲೇ ಬರೆಯಿರಿ. ಆಮೇಲೆ ಮೇಲೊಂದು ಬಟರ್ ಪೇಪರ್ ಹಾಕಿ, ಅಕ್ಷರದ ಗುರುತು ನಿಂತಿರುವ ಗೆರೆಗಳನ್ನು ಕೆಂಪು ಪೆನ್ಸಿಲ್‌ನಲ್ಲಿ ತಿದ್ದಿ: ಮ ಮತ್ತು ವದ ಹೊಟ್ಟೆ, ತದ ಒಳಸುಳಿ, ಕದ ಅಡ್ಡಗೆರೆ, ರದ ಸುತ್ತು. ಕೆಂಪಿರುವ ಕಡೆ ಹೂವಿಗೆ ಜಾಗವಿಲ್ಲ. ಉಳಿಯುವುದು ತಲೆಕಟ್ಟು, ಏತ್ವ, ದೀರ್ಘ, ಕೊಂಬಿನ ತುದಿ. ಎಸಳು ಹೋಗಬೇಕಾದದ್ದು ಅಲ್ಲಿಗೆ.

ಅಳೆದ ಎಸಳು 36 ಮಿ.ಮೀ. ಉದ್ದ, 6 ಮಿ.ಮೀ. ಅಗಲ ಇದೆ ಎಂದುಕೊಳ್ಳಿ, ಅನುಪಾತ 6:1. ಇದನ್ನು ಹಾಗೇ ಇಳಿಸಿದರೆ 24 ಮಿ.ಮೀ. ಉದ್ದದ ತಲೆಕಟ್ಟಿಗೆ 4 ಮಿ.ಮೀ. ದಪ್ಪ ಬರುತ್ತದೆ. 5 ಮಿ.ಮೀ. ಗೆರೆಯ ಮೈ ಮೇಲೆ ಅದು ಬಡಕಲಾಗಿ ಕಾಣುತ್ತದೆ. ಎಸಳಿನ ಪೂರ್ತಿ ಅಗಲ ಒಂದೇ ಒಂದು ಜಾಗದಲ್ಲಿರುತ್ತದೆ, ಉಳಿದೆಡೆ ಸಪೂರ. ಹಾಗಾಗಿ ಅಳತೆ ಸಮವಿದ್ದರೂ ಕಣ್ಣಿಗೆ ತೆಳುವು. ಅನುಪಾತವನ್ನು 4:1ಕ್ಕೆ ತನ್ನಿ: ಉದ್ದ 24, ಅತಿ ಅಗಲ 6 ಮಿ.ಮೀ., ಆ ಅಗಲ ಬುಡದಿಂದ 15 ಮಿ.ಮೀ. ದೂರದಲ್ಲಿ. ಮೈಗೆ ಸೇರುವ ಬುಡ 2 ಮಿ.ಮೀ.ಗಿಂತ ಕಡಿಮೆಯಾಗದಿರಲಿ. ಲಗ್ನಪತ್ರಿಕೆಯಲ್ಲಿ ಇದನ್ನು ಕಾಲು ಭಾಗಕ್ಕೆ ಇಳಿಸಿದಾಗ ಬುಡ ಅರ್ಧ ಮಿ.ಮೀ. ಆಗುತ್ತದೆ, ಅದಕ್ಕಿಂತ ಸಣ್ಣದಾದರೆ ತಲೆಕಟ್ಟು ಅಕ್ಷರದಿಂದ ಕಳಚಿಕೊಂಡು ಗಾಳಿಯಲ್ಲಿ ತೇಲಿದಂತೆ ಕಾಣುತ್ತದೆ.

ಏತ್ವಕ್ಕೆ ಹಿಂದಕ್ಕೆ ಬಾಗಿದ ಎಸಳು, ಯೋದ ದೀರ್ಘಕ್ಕೆ ಸಪೂರವಾದ ಒಳ ಎಸಳು. ತಲೆಕಟ್ಟಿನ ಎಸಳನ್ನು ಒಂದೇ ಅಚ್ಚಿನಲ್ಲಿ ಏಳು ಸಲ ಒತ್ತಿದರೆ ರಬ್ಬರ್ ಸ್ಟಾಂಪಿನ ಹಾಗಾಗುತ್ತದೆ. ‘ಮಮತೆಯ’ದಲ್ಲಿ ಎರಡು ಮ ಪಕ್ಕಪಕ್ಕ ಬರುವುದರಿಂದ ಅಲ್ಲಿ ಇದು ಮೊದಲು ಕಣ್ಣಿಗೆ ಬೀಳುತ್ತದೆ. ಮೂರು ಮಾದರಿ ಮಾಡಿಕೊಳ್ಳಿ: ಮೊಗ್ಗಿನಂತೆ ಬಿಗಿಯಾದದ್ದು, ಅರೆಬಿರಿದದ್ದು, ತುದಿ ಹೆಚ್ಚು ಎದ್ದದ್ದು. ಮೂರಕ್ಕೂ ಉದ್ದ ಮತ್ತು ಅತಿ ಅಗಲ ಒಂದೇ ಇರಲಿ, ಬಾಗು ಮಾತ್ರ ಬೇರೆಯಾಗಲಿ. ಮೂರಕ್ಕಿಂತ ಹೆಚ್ಚಾದರೆ ಒಂದೇ ಕೈಯ ಬರಹ ಅನ್ನಿಸುವುದಿಲ್ಲ.

ಎಲ್ಲಿ ಕೆಡುತ್ತದೆ

ಕನ್ನಡದಲ್ಲಿ ಒಂದು ಚುಕ್ಕೆ, ಒಂದು ಸೀಳು ಅಕ್ಷರವನ್ನೇ ಬದಲಿಸುತ್ತದೆ. ಬೇರೆ ಲಿಪಿಯ ಹೂವಿನ ಅಕ್ಷರ ನೋಡಿ ಕಲಿತವರು ಎಡವುವುದು ಇಲ್ಲೇ. ರದ ಸುತ್ತು ಖಾಲಿ ಇದೆ ಎಂದು ಅದರ ನಡುವೆ ಕೇಸರದ ಚುಕ್ಕೆ ಇಟ್ಟಿರೋ, ಅದು ಠ. ದದ ಹೊಟ್ಟೆಯಲ್ಲಿ ಚುಕ್ಕೆ ಇಟ್ಟರೆ ಥ. ದದ ಅಡಿಯಲ್ಲಿ ತೊಟ್ಟಿನಂಥ ಗೆರೆ ಎಳೆದರೆ ಧ, ಪ ಅಕ್ಷರದ ಅಡಿಯಲ್ಲಾದರೆ ಫ, ಬದ ಅಡಿಯಲ್ಲಾದರೆ ಭ. ನಮ್ಮ ಸಾಲಿನಲ್ಲಿ ದು, ರೆ ಎರಡೂ ಇವೆ. ಮದುವೆ ‘ಮಥುವೆ’ಯಾದರೆ ಆಹ್ವಾನಿತರು ತಪ್ಪನ್ನೇ ಮೊದಲು ಓದುತ್ತಾರೆ. ಕೇಸರ ಇಡಲೇಬೇಕು ಅನ್ನಿಸಿದರೆ ಎಸಳಿನ ತುದಿಯಾಚೆ, ಅಕ್ಷರದ ಹೊರಗಿಡಿ. ಸೊನ್ನೆ ಇರುವ ಪದವಾದರೆ ಅದನ್ನು ಮೊಗ್ಗು ಮಾಡಬಹುದು; ಒಂಟಿಯಾಗಿ ನಿಲ್ಲುವ ಗುಂಡು ಆದ್ದರಿಂದ ಗುರುತು ಕೆಡುವುದಿಲ್ಲ, ನಡುವಿನ ಖಾಲಿ ಜಾಗ ಮುಚ್ಚದಿದ್ದರಾಯಿತು.

ಇನ್ನೊಂದು ತೊಡಕು ವ ಮತ್ತು ಮ ಅಕ್ಷರಗಳದ್ದು. ವೆಯ ಬಲಕ್ಕೆ ಎಸಳಿನ ಬಾಲ ಇಳಿಬಿಟ್ಟರೆ ಅದು ಮೆ ಎಂದು ಓದಿಸಿಕೊಳ್ಳುತ್ತದೆ. ಬಾಗಿದ ಎಸಳು ಮೇಲಕ್ಕೇ ಹೋಗಲಿ.

ಕಂಪ್ಯೂಟರಿಗೆ ತರುವಾಗ

ಪೆನ್ಸಿಲ್ ಚಿತ್ರವನ್ನು ಸ್ಕ್ಯಾನ್ ಮಾಡಿ ತಂತಾನೇ ಟ್ರೇಸ್ ಆಗಲು ಬಿಡಬೇಡಿ. ಒಂದು ಎಸಳಿಗೆ ನಾಲ್ಕು ಬಿಂದು ಸಾಕು: ಬುಡಕ್ಕೊಂದು, ತುದಿಗೊಂದು, ಅತಿ ಅಗಲದ ಎರಡು ಬದಿಗೆ ಒಂದೊಂದು. ಆಟೋಟ್ರೇಸ್ ಪೆನ್ಸಿಲ್‌ನ ಪ್ರತಿ ನಡುಕವನ್ನೂ ಬಿಂದು ಮಾಡುತ್ತದೆ, ಅಂಚು ಗರಗಸದಂತಾಗುತ್ತದೆ. ಪುಕ್ಕಟೆ ಸಿಗುವ ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಪೆನ್ ಸಾಧನದಿಂದ ಎಸಳು ಬಿಡಿಸಿ, ಆಲ್ಟ್ ಜೊತೆ ಡಿ ಒತ್ತಿ ಕ್ಲೋನ್ ಮಾಡಿಕೊಳ್ಳಿ. ಮೂಲ ಎಸಳನ್ನು ತಿದ್ದಿದರೆ ಕ್ಲೋನ್‌ಗಳೆಲ್ಲ ತಾವೇ ತಿದ್ದಿಕೊಳ್ಳುತ್ತವೆ. ಕೊನೆಗೆ ಮೈಗೆ ಬೆಸೆಯುವ ಮೊದಲು ಶಿಫ್ಟ್, ಆಲ್ಟ್, ಡಿ ಒತ್ತಿ ಕ್ಲೋನ್ ಕೊಂಡಿ ಬಿಡಿಸಿ, ಆಮೇಲೆ ಯೂನಿಯನ್ ಮಾಡಿ. ಬೆಸೆಯದೆ ಕಳಿಸಿದರೆ ಎಸಳೂ ಮೈಯೂ ಒಂದರ ಮೇಲೊಂದು ಬಂದ ಕಡೆ ಕಟ್ಟಿಂಗ್ ಯಂತ್ರ ಎರಡು ಸಲ ಕತ್ತರಿಸುತ್ತದೆ.

ಪತ್ರಿಕೆಯ ಉಳಿದ ಪಠ್ಯ ಯೂನಿಕೋಡ್‌ನಲ್ಲಿದ್ದು, ಅಡೋಬಿ ತಂತ್ರಾಂಶದಲ್ಲಿ ಒತ್ತಕ್ಷರ ಒಡೆದು ಬಂದರೆ ದೋಷ ಹೆಚ್ಚಿನ ಸಲ ಫಾಂಟಿನದ್ದಲ್ಲ; ಪಠ್ಯದ ಆಯ್ಕೆಗಳಲ್ಲಿ ಭಾರತೀಯ ಲಿಪಿಗಳ ಜೋಡಣೆಯನ್ನು ಚಾಲೂ ಮಾಡಬೇಕು. ಪ್ರೆಸ್ಸಿಗೆ ಕೊಡುವ ಮುನ್ನ ಎಲ್ಲವನ್ನೂ ಔಟ್‌ಲೈನ್ ಮಾಡಿ, ಅಂದರೆ ಅಕ್ಷರಗಳನ್ನು ಫಾಂಟ್ ಬೇಡದ ಬರಿಯ ಆಕಾರಗಳಾಗಿಸಿ.

ಚಕ್ರದಂತೆ ತಿರುಗುವ ನಂದಿಬಟ್ಟಲನ್ನು ಲೋಗೋ ಮಾಡುವವರಿಗೆ ಒಂದು ಮಾತು. ಒಂದು ಎಸಳನ್ನು 72 ಡಿಗ್ರಿಯಂತೆ ಐದು ಸಲ ತಿರುಗಿಸಿದರೆ ಹೂವಾಗುತ್ತದೆ, ಆದರೆ ಪ್ರತಿ ಎಸಳೂ ಒಂದರ ಮೇಲೆ, ಇನ್ನೊಂದರ ಕೆಳಗೆ ಇರಬೇಕು. ಕಂಪ್ಯೂಟರಿನ ಮೇಲೆ–ಕೆಳಗೆ ಕ್ರಮದಲ್ಲಿ ಐದನೆಯದು ಮೊದಲನೆಯದರ ಕೆಳಗೆ ನುಸುಳಲಾರದು. ಒಂದು ಎಸಳನ್ನು ಉದ್ದಕ್ಕೆ ಎರಡು ತುಂಡು ಮಾಡಿ, ಒಂದು ತುಂಡನ್ನು ಎಲ್ಲಕ್ಕಿಂತ ಮೇಲೆ, ಇನ್ನೊಂದನ್ನು ಎಲ್ಲಕ್ಕಿಂತ ಕೆಳಗೆ ಇಡಬೇಕು. ಸೂರ್ಯಕಾಂತಿಯ ನಡುವಿನ ಕಾಳು ಜೋಡಿಸುವುದಾದರೆ ಪ್ರತಿ ಚುಕ್ಕೆಯನ್ನು ಹಿಂದಿನದಕ್ಕಿಂತ 137.5 ಡಿಗ್ರಿ ತಿರುಗಿಸಿ. ಕೇಂದ್ರದಿಂದ ದೂರ, ಚುಕ್ಕೆಯ ಸಂಖ್ಯೆಯ ವರ್ಗಮೂಲದ ಮೂರು ಪಟ್ಟು ಮಿ.ಮೀ. ಹೀಗೆ 120 ಚುಕ್ಕೆ ಇಟ್ಟರೆ ತ್ರಿಜ್ಯ ಸುಮಾರು 33 ಮಿ.ಮೀ. ಬರುತ್ತದೆ. 137.5ನ್ನು ಸುಲಭಕ್ಕೆಂದು 137 ಅಥವಾ 138 ಮಾಡಿದರೆ ಚುಕ್ಕೆಗಳು ಸಮನಾಗಿ ಹರಡದೆ ಸುರುಳಿ ಬಾಲಗಳಾಗಿ ಒಡೆಯುತ್ತವೆ.

ಬಣ್ಣ ಮತ್ತು ಅಚ್ಚು

ಸಂಪಿಗೆ ಹಳದಿ ಎಷ್ಟೇ ಚೆಂದವಿದ್ದರೂ ಬಿಳಿ ಹಾಳೆಯ ಮೇಲೆ ಅಕ್ಷರಕ್ಕೆ ಆಗುವುದಿಲ್ಲ. ಪರದೆಯ ಮೇಲೆ ಕೆಂಪು 255, ಹಸಿರು 192, ನೀಲಿ 0 ಇರುವ ಹಳದಿಗೂ ಬಿಳಿಗೂ ವ್ಯತ್ಯಾಸ ಸುಮಾರು 1.6:1 ಮಾತ್ರ; ದೊಡ್ಡ ಅಕ್ಷರಕ್ಕೂ ಕನಿಷ್ಠ 3:1 ಬೇಕು. ಅಕ್ಷರದ ಮೈಗೆ ಎಲೆಯ ಕಡುಹಸಿರು ಕೊಡಿ (ಅಚ್ಚಿಗೆ ಸಯಾನ್ 85, ಮೆಜೆಂಟಾ 40, ಹಳದಿ 90, ಕಪ್ಪು 45ರಿಂದ ಶುರು ಮಾಡಿ). ಹಳದಿ ಬೇಕೇ ಬೇಕಾದರೆ ಇಡೀ ಪತ್ರಿಕೆಯ ನೆಲವನ್ನೇ ಕಡುಹಸಿರು ಮಾಡಿ ಅಕ್ಷರವನ್ನು ಹಳದಿಯಲ್ಲಿ ಬಿಡಿ. ಎಸಳಿಗೆ ಮಾತ್ರ ಬೇರೆ ಬಣ್ಣ ಬೇಡ; ತಲೆಕಟ್ಟು ಅಕ್ಷರದಿಂದ ಬೇರ್ಪಟ್ಟು ಮತ್ತೆ ಅಂಟಿಸಿದ ಹೂವಿನ ಕಥೆಯೇ ಆಗುತ್ತದೆ.

ಚಿನ್ನದ ಫಾಯಿಲ್ ಒತ್ತಿಸುವುದಾದರೆ 0.3 ಮಿ.ಮೀ.ಗಿಂತ ಸಣ್ಣ ಗೆರೆಯಾಗಲಿ ಸಂದಾಗಲಿ ಉಳಿಯದಂತೆ ನೋಡಿಕೊಳ್ಳಿ, ಸಂದು ಸಣ್ಣದಾದರೆ ಫಾಯಿಲ್ ತುಂಬಿಕೊಳ್ಳುತ್ತದೆ. ಲೇಸರ್‌ನಲ್ಲಿ ಕತ್ತರಿಸುವ ಪತ್ರಿಕೆಯಲ್ಲಿ ರೆ ಅಕ್ಷರದ ಸುತ್ತಿನ ಒಳಗಿನ ತುಂಡು ಉದುರಿ ಹೋಗುತ್ತದೆ. ಅದನ್ನು ಹಿಡಿದಿಡಲು 1 ಮಿ.ಮೀ. ಅಗಲದ ಎರಡು ಕಾಗದದ ಸೇತುವೆ ಬಿಡಿ, ಏತ್ವದ ಎಸಳು ಸೇರುವ ಕಡೆ ಒಂದು, ಅದರ ಎದುರಿಗೊಂದು. ಮೇಲಿನದು ಎಸಳಿನ ಬುಡದ ಸಂದಿನಂತೆ ಕಂಡು ಕಣ್ಣಿಗೆ ಅಡ್ಡಿಯಾಗುವುದಿಲ್ಲ.

ಓದಿಸಿ ನೋಡುವಾಗ ಇಡೀ ಸಾಲು ತೋರಿಸಬೇಡಿ. ‘ಮದುವೆಯ ಮಮತೆಯ’ ಎಂದು ಕಂಡಕೂಡಲೇ ಉಳಿದದ್ದನ್ನು ಎಲ್ಲರೂ ಬಾಯಿಪಾಠ ಹೇಳಿಬಿಡುತ್ತಾರೆ. ಹನ್ನೆರಡು ಅಕ್ಷರವನ್ನು ಬಿಡಿಬಿಡಿಯಾಗಿ ಕತ್ತರಿಸಿ, ಕಲಸಿ, ಒಂದೊಂದೇ ತೋರಿಸಿ. ಆಮೇಲೆ ಇಡೀ ಶೀರ್ಷಿಕೆಯನ್ನು 5 ಸೆಂ.ಮೀ. ಅಗಲಕ್ಕೆ ಇಳಿಸಿ ವಾಟ್ಸಾಪ್‌ನಲ್ಲಿ ಕಳಿಸಿ ಫೋನಿನಲ್ಲಿ ನೋಡಿ, ಏಕೆಂದರೆ ಪತ್ರಿಕೆ ಹೆಚ್ಚಿನವರ ಕೈಗೆ ತಲುಪುವುದು ಹಾಗೆಯೇ. ಯಾವ ಅಕ್ಷರಕ್ಕೆ ಓದುವವರು ತಡವರಿಸಿದರೋ ಅದರ ಎಸಳಿನ ಬಾಗು ಕಡಿಮೆ ಮಾಡಿ. ಆಗಲೂ ತಡವರಿಸಿದರೆ ಆ ಒಂದಕ್ಕೆ ಸಾದಾ ತಲೆಕಟ್ಟೇ ಇರಲಿ.